ಮಾವನ ಮಾತಿಗೆ ಅಮ್ಮ ಒಪ್ಪಿದ ದಿನ

ಅಮೆರಿಕದ ಅಧ್ಯಕ್ಷರು ಒಂದೇ ಒಂದು ಸಲ ನಮ್ಮೂರು ಹೊಂಗಡಹಳ್ಳಕ್ಕೆ ಬಂದು ಹೋಗಿದ್ದರೆ ಇರಾಕ್ ಯುದ್ಧ ನಡೆಯುತ್ತಲೇ ಇರಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ನನ್ನ ಸೋದರಮಾವನದು. "ಅರ್ಧ ಗಂಟೆ ಕೂರ್ಸಿ ಹೇಳಿದ್ರೆ ಅರ್ಥ ಮಾಡ್ಕೊತಿದ್ದ ಮಾರಾಯ, ಹೇಳೋರು ಯಾರೂ ಇಲ್ಲ ಅಲ್ಲಿ" ಎಂದು ಅವರು ಬಾಳ್ಳುಪೇಟೆಯ ಹೋಟೆಲಿನಲ್ಲಿ ಕೂತು ಮರುಗುವಾಗ, ಕೇಳಿದವರಿಗೂ ಆ ಅಧ್ಯಕ್ಷರ ಬಗ್ಗೆ ಅಯ್ಯೋ ಪಾಪ ಎನಿಸುತ್ತಿತ್ತು.

ಮಾವನಿಗೆ ಸ್ವಲ್ಪ ಕಾಫಿ ತೋಟ, ಒಂದು ಹಳೆಯ ಜೀಪು ಮತ್ತು ಜಗತ್ತಿನ ಎಲ್ಲ ವಿಷಯಗಳ ಮೇಲೂ ಒಂದೊಂದು ಅಭಿಪ್ರಾಯ ಇದ್ದವು. ಈ ಮೂರರಲ್ಲಿ ವರ್ಷವೂ ತಪ್ಪದೆ ಫಸಲು ಕೊಡುತ್ತಿದ್ದುದು ಮೂರನೆಯದು ಮಾತ್ರ. ಮದುವೆಯ ಬಗ್ಗೆಯೂ ಅವರಿಗೆ ಒಂದು ಅಭಿಪ್ರಾಯವಿತ್ತು. ಹಾಗಾಗಿ ಒಬ್ಬರೇ ಇದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ಬೆಳಿಗ್ಗೆ ಬೇಲಿ ದಾಟಿ ತಿಂಡಿಗೆ ಬಂದರೆಂದರೆ ಕಡುಬು ಮುರಿಯುವ ಮೊದಲೇ ಮಾತು ಶುರು.

"ಕಂಪ್ಯೂಟರ್ ಅಂದ್ರೆ ಏನೂ ಇಲ್ಲ ಕಣಕ್ಕ. ಟೈಪ್‌ರೈಟರ್‌ಗೆ ಟಿ.ವಿ. ಕಟ್ಟವ್ರೆ, ಅಷ್ಟೆ."

"ನೀನ್ ಎಲ್ಲಿ ನೋಡ್ದೆ ಕಂಪ್ಯೂಟರ್‍ನ?" ಅಮ್ಮ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು.

"ನೋಡ್ಲೇಬೇಕಾ? ಯೋಚ್ನೆ ಮಾಡಿದ್ರೆ ಗೊತ್ತಾಗಲ್ವಾ?"

ಮಾವನ ಅಭಿಪ್ರಾಯಗಳಿಗೆ ಈ ಭೂಮಿಯ ಮೇಲಿದ್ದ ಏಕೈಕ ವಿರೋಧ ಪಕ್ಷ ನನ್ನ ಅಮ್ಮ. ಹೋಟೆಲಿನವರು ತಲೆಯಾಡಿಸುತ್ತಿದ್ದರು, ಅಪ್ಪ ಪೇಪರಿನ ಹಿಂದೆ ಅಡಗುತ್ತಿದ್ದರು. ಅಮ್ಮ ಮಾತ್ರ ಒಂದು ಮಾತನ್ನೂ ಹಾಗೇ ಬಿಟ್ಟವಳಲ್ಲ. ಗುಡ್ಡದ ಮೇಲೆ ಮೊಬೈಲ್ ಟವರ್ ಬಂದರೆ ಜೇನು ಓಡಿಹೋಗುತ್ತವೆ, ಜೇನು ಹೋದರೆ ಕಾಫಿ ಕಾಯಿ ಕಟ್ಟುವುದಿಲ್ಲ ಎಂದು ಊರೆಲ್ಲ ಸಾರಿದ ಮಾವ ಒಂದು ದಿನ ಹಾಸನದಿಂದ ಮೊಬೈಲು ಕೊಂಡು ತಂದರು. ನಮ್ಮಲ್ಲಿ ಸಿಗ್ನಲ್ ಎಲ್ಲಿತ್ತು? ಅಮ್ಮ ಅದನ್ನೇ ಕೇಳಿದಳು. "ಅದಕ್ಕೇ ತಂದಿದ್ದು. ಸಿಗ್ನಲ್ ಇಲ್ದಿದ್ರೆ ಜೇನಿಗೆ ತೊಂದ್ರೆ ಇಲ್ವಲ್ಲ" ಎಂದರು ಮಾವ.

ಚಿನ್ನದ ವಿಷಯಕ್ಕೆ ಬಂದರೆ ಜಗಳ ಮಧ್ಯಾಹ್ನದವರೆಗೂ ಹೋಗುತ್ತಿತ್ತು. "ಚಿನ್ನ ಅನ್ನೋದು ಹೆಂಗಸ್ರು ನಂಬಿರೋವರೆಗೆ ಮಾತ್ರ ಕಣಕ್ಕ. ನಾಳೆ ಎಲ್ರೂ ಒಟ್ಟಿಗೆ ಬ್ಯಾಡ ಅಂದ್ರೆ ಕಬ್ಬಿಣದ ರೇಟಿಗೆ ಬೀಳ್ತದೆ. ಇನ್ಮೇಲೆ ವೆನಿಲಾನೇ ಚಿನ್ನ. ಬಳೆ ಮಾರ್ಬುಟ್ಟು ಬಳ್ಳಿ ಹಾಕು." ಆಗ ನಮ್ಮ ಕಡೆ ಎಲ್ಲರೂ ವೆನಿಲಾ ಬಳ್ಳಿಯ ಹಿಂದೆ ಬಿದ್ದಿದ್ದ ಕಾಲ. ಅಮ್ಮ ಬಳೆಯನ್ನು ಮೊಣಕೈಯತ್ತ ಸರಿಸಿಕೊಂಡು, "ನಿನ್ ಬಳ್ಳೀನ ಕೈಗೆ ಸುತ್ಕೊಂಡು ಮದ್ವೆ ಮನೆಗೆ ಹೋಗಕ್ಕಾಯ್ತದೇನೋ?" ಎಂದಳು. ಬಳೆ ಉಳಿಯಿತು. ವೆನಿಲಾದ ಬೆಲೆ ಮುಂದೆ ಹೇಗೆ ನೆಲಕಚ್ಚಿತು ಎಂಬುದನ್ನು ನಮ್ಮ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ.

2003ರ ಮಾರ್ಚಿನಲ್ಲಿ ಟಿ.ವಿ.ಯಲ್ಲಿ ಇರಾಕ್ ಯುದ್ಧ ನಡೆಯುತ್ತಿತ್ತು. ನಾನು ಡಿಗ್ರಿ ಓದುತ್ತಿದ್ದವಳು ರಜಕ್ಕೆ ಬಂದಿದ್ದೆ. ಅಪ್ಪ ಆಲೂರಿನ ನೆಂಟರ ಮನೆಗೆ ಹೋಗಿದ್ದರು. ಬೆಳಿಗ್ಗೆ ಹಿತ್ತಲಿಗೆ ಸೌದೆ ತರಲು ಹೋದ ಅಮ್ಮ ಬರಿಗೈಯಲ್ಲಿ ವಾಪಸು ಬಂದು, ಜಗಲಿಯ ಮೇಲೆ ಮೆಲ್ಲಗೆ ಕುಳಿತಳು.

"ಹುಳ ಮುಟ್ತು ಕಣೆ. ಮಾವನ್ನ ಕರಿ."

ನಮ್ಮಲ್ಲಿ ಹಾವು ಕಚ್ಚಿದರೆ ಹಾಗೆಯೇ ಹೇಳುವುದು. ಅವಳ ಪಾದದ ಪಕ್ಕದಲ್ಲಿ ಎರಡು ಸಣ್ಣ ಚುಕ್ಕೆಗಳಿದ್ದವು. ಹೆಡೆ ನೋಡಿದೆ ಎಂದಳು. ನನ್ನ ಕಿರುಚಾಟಕ್ಕೆ ಮಾವ ಬೇಲಿ ಹಾರಿ ಬಂದರು.

ಹಾವಿನ ಬಗ್ಗೆ ಮಾವನಿಗೆ ಅಭಿಪ್ರಾಯವಿಲ್ಲದೆ ಇರುತ್ತದೆಯೇ? ಬಹಳಷ್ಟು ಹಾವುಗಳಿಗೆ ವಿಷವೇ ಇಲ್ಲ, ಜನ ಸಾಯುವುದು ಬರೀ ಹೆದರಿಕೆಯಿಂದ ಎಂದು ಎಷ್ಟೋ ಸಲ ಹೇಳಿದ್ದರು. ಈಗಲೂ ಅದನ್ನೇ ಶುರು ಮಾಡಿ ಹೊತ್ತು ಕಳೆಯುತ್ತಾರೇನೋ ಎಂದುಕೊಂಡೆ. ಅವರು ಅಮ್ಮನ ಪಾದವನ್ನೊಮ್ಮೆ ನೋಡಿದರು, ಒಂದು ಮಾತೂ ಆಡದೆ ಜೀಪಿನತ್ತ ಓಡಿದರು. ಆಗಲೇ ನನಗೆ ನಿಜವಾಗಿ ಭಯವಾದದ್ದು.

ಸಕಲೇಶಪುರದವರೆಗಿನ ತಿರುವುಗಳನ್ನು ಆ ಜೀಪು ಹೇಗೆ ಇಳಿಯಿತೋ ಗೊತ್ತಿಲ್ಲ. ಅಲ್ಲಿನ ಆಸ್ಪತ್ರೆಯ ಡಾಕ್ಟರು ತಕ್ಷಣ ವಿಷ ಇಳಿಸುವ ಔಷಧಿ ಶುರು ಮಾಡಿ, ಡ್ರಿಪ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ಉಸಿರಾಟಕ್ಕೆ ಮಿಷನ್ ಬೇಕಾಗಬಹುದು, ಅದು ಹಾಸನದಲ್ಲೇ ಸಿಗೋದು. ಈಗಲೇ ಹೊರಡಿ. ರೆಪ್ಪೆ ಜೋತುಬಿದ್ರೆ, ಮಾತು ತೊದಲಿದ್ರೆ ವಿಷ ಏರ್ತಿದೆ ಅಂತ ಅರ್ಥ. ದಾರಿಯುದ್ದಕ್ಕೂ ಮಾತಾಡಿಸ್ತಾ ಇರಿ" ಎಂದರು. ಮಾತಾಡಿಸುತ್ತಾ ಇರಿ ಎಂದು ಮಾವನಿಗೆ ಹೇಳಿದ ಮೊದಲ ಮನುಷ್ಯ ಅವರೇ ಇರಬೇಕು.

ಹೊರಡುವ ಮೊದಲು ಇನ್ನೊಂದು ಕೆಲಸವಿತ್ತು. ಪಾದ ಊದಿಕೊಳ್ಳುತ್ತಿತ್ತು, ಕಾಲುಂಗುರ ತೆಗೆಯಲೇಬೇಕಿತ್ತು. ಅಮ್ಮ ಬಿಲ್‌ಕುಲ್ ಒಪ್ಪಲಿಲ್ಲ. "ಅವ್ರು ಬದುಕಿರೋವಾಗ ಕಾಲುಂಗ್ರ ತೆಗೀತಾರೇನೋ?"

ಮಾವ ಜೀಪಿನ ಸೀಟಿನಡಿಯಿಂದ ಕಟಿಂಗ್ ಪ್ಲೇಯರ್ ತಂದು ಅವಳ ಕಾಲ ಬುಡದಲ್ಲಿ ಕೂತರು. "ಇದೇನ್ ಬೆಳ್ಳಿ ಅನ್ಕೊಂಡ್ಯಾ? ಮುಕ್ಕಾಲು ತಗಡು ಕಣಕ್ಕ. ಇದು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ತಗಡಾ? ಅವ್ವನ ಕಾಲುಕಡಗ ಕರಗ್ಸಿ ಮಾಡ್ಸಿದ್ದು ಅದು."

"ಆ ಅಕ್ಕಸಾಲಿ ಕಡಗ ಇಟ್ಕೊಂಡು ತಗಡು ಕೊಟ್ಟವ್ನೆ."

"ನಿನ್ ಕಣ್ಮುಂದೆ ಕರಗ್ಸಿದ್ನಲ್ಲೋ, ನೀನೇ ತಿದಿ ಒತ್ತಿದ್ದೆ" ಎಂದು ಅಮ್ಮ ಸಿಟ್ಟಿನಿಂದ ಎದ್ದು ಕೂರುವಷ್ಟರಲ್ಲಿ ಉಂಗುರ ತುಂಡಾಗಿತ್ತು. ಮಾವ ಆ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿದರು.

ಹೈವೇಗೆ ಬಂದ ಮೇಲೆ ಮಾವ ಸ್ಟೇರಿಂಗ್ ಹಿಡಿದು ಜಗತ್ತನ್ನು ಬೈಯಲು ಶುರು ಮಾಡಿದರು. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ತೊಡೆಗೆ ತಲೆಯಿಟ್ಟು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಬಾಳ್ಳುಪೇಟೆ ಬಂದಿತು. ಜೀಪು ನಿಂತಿತು.

ಮುಂದೆ ಲಾರಿಗಳು, ಬಸ್ಸುಗಳು, ಅವುಗಳ ಮುಂದೆ ರಸ್ತೆಗಡ್ಡ ಕೂತ ಜನ. ಕಾಫಿ ಬೆಲೆ ಬಿದ್ದುಹೋಗಿದ್ದಕ್ಕೆ ರಸ್ತೆ ತಡೆ. ಇದರ ಹಿಂದೆ ಯಾರಿದ್ದರು ಎಂದು ಕೇಳುತ್ತೀರಾ? ರಸ್ತೆ ಕಟ್ಟಿದರೇನೇ ಸರ್ಕಾರಕ್ಕೆ ಕಿವಿ ಕೇಳಿಸೋದು ಎಂದು ವಾರಗಟ್ಟಲೆ ಅದೇ ಊರಿನ ಹೋಟೆಲಿನಲ್ಲಿ ಭಾಷಣ ಮಾಡಿದ್ದು ನಮ್ಮ ಮಾವನೇ. ಜೀಪು ಕಂಡು ಹಸಿರು ಟವೆಲ್ಲಿನ ಯುವಕನೊಬ್ಬ ನಗುತ್ತಾ ಬಂದ.

"ಬನ್ನಿ ಗೌಡ್ರೆ, ನಿಮ್ಗೇ ಕಾಯ್ತಿದ್ವಿ. ನೀವ್ ಹೇಳ್ದಂಗೆ ಒಂದ್ ಗಾಡೀನೂ ಬಿಟ್ಟಿಲ್ಲ ನೋಡಿ."

"ಹೇಳಿದ್ದೆ ಕಣಯ್ಯ. ಆವಾಗ ನಮ್ಮಕ್ಕನಿಗೆ ಹುಳ ಮುಟ್ಟಿರ್ಲಿಲ್ಲ."

ಯುವಕ ಹಿಂದಿನ ಸೀಟಿನತ್ತ ಇಣುಕಿದ. ನಗು ಹೋಯಿತು. ಕೂತವರೆಲ್ಲ ಒಟ್ಟಿಗೆ ಎದ್ದರು. ಆದರೆ ಎದ್ದರೆ ಆಯಿತೇ? ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಒಂದರ ಡ್ರೈವರ್ ಎಲ್ಲಿಗೋ ತಿಂಡಿಗೆ ಹೋಗಿದ್ದ. ಮಾವ ಕೆಳಗಿಳಿದು ಆ ಲಾರಿಗೆ ಹೆಗಲು ಕೊಟ್ಟರು. ಘೋಷಣೆ ಕೂಗುತ್ತಿದ್ದವರೆಲ್ಲ ಹಿಂದೆ ನಿಂತು ನೂಕಿದರು. ಡ್ರಿಪ್ ಹಿಡಿದ ನನ್ನ ಕೈ ಮರಗಟ್ಟಿತ್ತು. ಅಮ್ಮನ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದ್ದು ನನಗೆ ಕಂಡದ್ದು ಆಗಲೇ.

"ಮಾವ, ಕಣ್ಣು" ಎಂದಷ್ಟೇ ಹೇಳಿದೆ.

ಜೀಪು ಸಂದಿಯಲ್ಲಿ ತೂರಿಕೊಂಡು ಹೊರಬಿತ್ತು. ಮಾವ ಹಿಂದೆ ತಿರುಗದೆ ಜೋರಾಗಿ ಕೂಗತೊಡಗಿದರು. "ಅಕ್ಕ, ಕೇಳ್ತಾ ಇದ್ಯಾ? ಈ ಯುದ್ಧ ಸುಳ್ಳು ಕಣಕ್ಕ. ಅದು ಎಲ್ಲೋ ಮರಳಲ್ಲಿ ಶೂಟಿಂಗ್ ಮಾಡಿ ಟಿ.ವಿ.ಲಿ ತೋರುಸ್ತಾವ್ರೆ."

ಅಮ್ಮ ಮಾತಾಡಲಿಲ್ಲ.

"ಮುಂದಿನ್ ವರ್ಷ ಚಿನ್ನ ಕಬ್ಬಿಣದ ರೇಟಿಗೆ ಬರ್ತದೆ. ನಿನ್ ಬಳೆ ಗುಜರಿಯವ್ನೂ ತಗಳಲ್ಲ."

ಅಮ್ಮನ ತುಟಿ ಅಲುಗಿತು. ನಾನು ಬಗ್ಗಿ ಕಿವಿಗೊಟ್ಟೆ. ಮಾತು ತೊದಲುತ್ತಿತ್ತು. ಆದರೂ ಮುಂದಿನ ಸೀಟಿಗೆ ಕೇಳಿಸಿತು.

"ಹೂಂ ಕಣೋ... ನೀನ್ ಹೇಳೋದೇ ಸರಿ."

ನನಗೆ ತಿಳಿವಳಿಕೆ ಬಂದಾಗಿನಿಂದ ಅಮ್ಮ ಮಾವನ ಒಂದು ಮಾತನ್ನೂ ಒಪ್ಪಿದ್ದು ನಾನು ಕಂಡಿರಲಿಲ್ಲ. ಜೀಪು ಒಂದು ಕ್ಷಣ ರಸ್ತೆಯ ಅಂಚಿಗೆ ಎಳೆಯಿತು. ಮಾವ ಅದನ್ನು ಸರಿಮಾಡಿಕೊಂಡರು, ಆದರೆ ದನಿಯನ್ನು ಸರಿಮಾಡಿಕೊಳ್ಳಲು ಅವರಿಂದ ಆಗಲಿಲ್ಲ.

"ಇಲ್ಲ ಅಕ್ಕ. ತಪ್ಪು ನಾನ್ ಹೇಳಿದ್ದು. ಎಲ್ಲಾ ತಪ್ಪು. ಒಂದ್ಸಲ ತಪ್ಪು ಅನ್ನಕ್ಕ."

ಹಾಸನ ಸೇರುವವರೆಗೂ ಮಾವ ಅದೊಂದನ್ನೇ ಹೇಳುತ್ತಿದ್ದರು, "ತಪ್ಪು ಅನ್ನಕ್ಕ, ತಪ್ಪು ಅನ್ನು" ಎಂದು.

ಆಸ್ಪತ್ರೆಯಲ್ಲಿ ಅಮ್ಮನ ಬಾಯಿಗೆ ಕೊಳವೆ ಹಾಕಿ ಉಸಿರಾಟದ ಮಿಷನ್ ಜೋಡಿಸಿದರು. ಸರಿಯಾದ ಹೊತ್ತಿಗೆ ತಂದಿದ್ದೀರಿ ಎಂದರು ಡಾಕ್ಟರು, ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಸುದ್ದಿ ಮುಟ್ಟಿ ಅಪ್ಪ ಆಲೂರಿನಿಂದ ಓಡಿಬಂದರು. ಮಾವ ಹೊರಗಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಪಕ್ಕದಲ್ಲಿ ಬೇರೆ ರೋಗಿಗಳ ಕಡೆಯವರು ಸರ್ಕಾರ, ಪೆಟ್ರೋಲು, ಯುದ್ಧ ಎಂದು ಬಿಸಿಬಿಸಿ ಚರ್ಚೆ ನಡೆಸಿದ್ದರು. ಒಬ್ಬರು ಮಾವನತ್ತ ತಿರುಗಿ, "ನೀವೇನಂತೀರಿ ಯಜಮಾನ್ರೆ?" ಎಂದರು.

"ನಂಗೊತ್ತಿಲ್ಲ ಸ್ವಾಮಿ" ಎಂದರು ಮಾವ.

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ನಿಮ್ಮಜ್ಜಿ ಹೋದಾಗ ಇವ್ನಿನ್ನೂ ಅಂಬೆಗಾಲಿಡ್ತಿದ್ನಂತೆ. ನಿಮ್ಮವ್ವ ಸೊಂಟದ ಮೇಲೆ ಹೊತ್ಕೊಂಡೇ ಇಸ್ಕೂಲಿಗೆ ಹೋಗ್ತಿದ್ಳಂತೆ." ಇಷ್ಟು ವರ್ಷ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ದಿನವೂ ಜಗಳವಾಡುವ ಇಬ್ಬರ ಬಗ್ಗೆ ಹೇಳಲು ಯಾರಿಗೆ ತಾನೇ ತೋಚೀತು?

ಎರಡು ದಿನದ ಮೇಲೆ ಕೊಳವೆ ತೆಗೆದರು. ಒಬ್ಬರು ಮಾತ್ರ ಒಳಗೆ ಹೋಗಬಹುದು, ರೋಗಿಯನ್ನು ಮಾತಾಡಿಸಬಾರದು ಎಂದಳು ನರ್ಸು. ಅಪ್ಪ ಮಾವನ ಬೆನ್ನು ತಟ್ಟಿ, "ನೀನೇ ಹೋಗು" ಎಂದರು. ನಾನು ಬಾಗಿಲಿನ ಗಾಜಿಗೆ ಮುಖ ಒತ್ತಿ ನೋಡುತ್ತಿದ್ದೆ. ಮಾವ ಮಂಚದ ಪಕ್ಕ ಕೈಕಟ್ಟಿ ನಿಂತರು. ಅಮ್ಮ ಕಣ್ಣು ಬಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎರಡು ದಿನದಿಂದ ಬಾಚಣಿಗೆ ಕಾಣದ ತಲೆ, ಮಾಸಿದ ಅಂಗಿ. ಅವಳು ಸೂಜಿ ಚುಚ್ಚಿರದ ಕೈಯನ್ನು ಸ್ವಲ್ಪ ಎತ್ತಿದಳು. ಮಾವ ಬಗ್ಗಿದರು. ಅಮ್ಮ ಬೆರಳುಗಳಿಂದ ಅವರ ನರೆತ ಕೂದಲನ್ನು ಪಕ್ಕಕ್ಕೆ ಸರಿಸಿ, ಬೈತಲೆ ತೆಗೆದು, ಶಾಲೆಗೆ ಹೊರಟ ಮಗುವಿಗೆ ಬಾಚುವ ಹಾಗೆ ಮೆಲ್ಲಗೆ ಬಾಚತೊಡಗಿದಳು. ನರ್ಸು ಬಂದು ಹೊತ್ತಾಯಿತು ಎನ್ನುವವರೆಗೂ ಮಾವ ಬಗ್ಗಿದ ಬೆನ್ನನ್ನು ಎತ್ತಲಿಲ್ಲ.