ಒಂದು ಮಿರ್ಚಿಯ ಸೋಲು

ಫುಟ್‌ಬಾಲ್ ಆಡಲು ಕಾಲಿಗಿಂತ ತಲೆ ಮುಖ್ಯ ಎಂಬುದು ನನ್ನ ದೃಢವಾದ ನಂಬಿಕೆ. ನನ್ನ ಕಾಲುಗಳನ್ನು ಬಲ್ಲವರು ಈ ನಂಬಿಕೆ ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಬೆಳಗಾವಿಯ ನೆಹರು ನಗರದಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಹೋಗುವ ನಾವು ಹನ್ನೊಂದು ಮಂದಿ ಸೇರಿ ಒಂದು ತಂಡ ಕಟ್ಟಿದ್ದೇವೆ. ನಾನೇ ಕ್ಯಾಪ್ಟನ್. ವರ್ಷಕ್ಕೊಮ್ಮೆ ಖಾನಾಪುರಕ್ಕೆ ಹೋಗಿ ನನ್ನ ಹೆಂಡತಿಯ ತಮ್ಮ ಸಂಜುವಿನ ತಂಡದ ಜೊತೆ ಆಡುತ್ತೇವೆ. ‘ಆಡುತ್ತೇವೆ’ ಎಂಬ ಮಾತು ಪೂರ್ತಿ ನಿಜವಲ್ಲ. ಚೆಂಡು ಯಾವಾಗಲೂ ಅವರ ಬಳಿಯೇ ಇರುತ್ತದೆ. ಇವನಿಂದ ಅವನಿಗೆ, ಅವನಿಂದ ಮತ್ತೊಬ್ಬನಿಗೆ ಪಾಸ್ ಮಾಡುತ್ತಲೇ ಇರುತ್ತಾರೆ. ಹೋದ ವರ್ಷ ನನಗೆ ಚೆಂಡು ಸಿಕ್ಕಿದ್ದು ಒಂಬತ್ತು ಸಲ. ಒಂಬತ್ತು ಸಲವೂ ಅದನ್ನು ನಮ್ಮದೇ ಗೋಲಿನ ಬಲೆಯಿಂದ ಎತ್ತಿ ತಂದಿದ್ದೆ.

ಸೋತ ತಂಡದ ಕ್ಯಾಪ್ಟನ್ ಗೋಲಿಗೊಂದರಂತೆ ಮಿರ್ಚಿ ಭಜಿ ತಿನ್ನಬೇಕೆಂಬುದು ಸಂಜು ಮಾಡಿದ ಕಾಯ್ದೆ. ಅದಕ್ಕೆ ಸಂತೆಯೆಲ್ಲ ಹುಡುಕಿ ಖಾರದ ಮೆಣಸಿನಕಾಯಿ ತರುವವನೂ ಅವನೇ. ಒಂಬತ್ತು ತಿಂದ ಮೇಲೆ ನಾನು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ನೆಟ್ಟಗೆ ಕುಳಿತುಕೊಳ್ಳಲೂ ಇಲ್ಲ.

ಈ ವರ್ಷ ಹಾಗಾಗಕೂಡದು ಎಂದು ಟಿವಿಯಲ್ಲಿ ಹತ್ತಾರು ಪಂದ್ಯ ನೋಡಿ ತಂತ್ರ ಹುಡುಕಿದೆ. ಚೆಂಡು ಬಿಡದವರ ಬೆನ್ನು ಹತ್ತಬಾರದು. ಹಿಂದೆ ನಿಂತು ಕಾಯಬೇಕು. ಅವರು ಎಡವಿದ ಕೂಡಲೇ ಕಸಿದುಕೊಂಡು ಓಡಬೇಕು. ಆದರೆ ಸಂಜುವಿನವರು ಎಡವುವುದಾದರೂ ಹೇಗೆ? ಅದಕ್ಕೂ ನನ್ನಲ್ಲಿ ಉಪಾಯವಿತ್ತು.

“ಶೈಲಾ, ನಿಮ್ಮವ್ವಗ ಫೋನ್ ಮಾಡು,” ಎಂದೆ ಹೆಂಡತಿಗೆ. “ಮ್ಯಾಚಿಗಿಂತ ಮೊದಲ, ಎರಡೂ ಟೀಮಿಗೆ ಹೋಳಿಗಿ ಊಟ ಇರ್ಲಿ. ಸಂಜುನ ಹುಡುಗರು ನಾಕ್ನಾಕ್ ಹೋಳಿಗಿ ಹೊಡದ್ರಂದ್ರ ಓಡಾಕ ಆಗೂದಿಲ್ಲ. ನಾವು ಒಂದೊಂದ ತಿಂದು ಏಳೂದು.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವು ಆ ಮನಿ ಅಳಿಯಾ ಅನ್ನೂದು ನೆನಪೈತಿಲ್ರಿ?”

“ಅದಕ್ಕ ನನ್ನ ಮಾತು ಅಲ್ಲಿ ನಡೀತೈತಿ,” ಎಂದೆ.

ತಂಡದ ಜೊತೆ ಶೈಲಾಳನ್ನೂ ಕರೆದುಕೊಂಡು ಲೋಂಡಾ ಕಡೆಯ ರೈಲು ಹಿಡಿದು ಖಾನಾಪುರದಲ್ಲಿ ಇಳಿದಾಗ ನನ್ನ ಹುಮ್ಮಸ್ಸು ಹೇಳತೀರದು. ಅತ್ತೆಯ ಮನೆಯಲ್ಲಿ ಆಗಲೇ ಎಲೆ ಹಾಕಿದ್ದರು. ಎಣಿಸಿದೆ. ಹನ್ನೊಂದೇ ಎಲೆ! ಸಂಜುವಿನ ತಂಡ ಟವೆಲ್ ಸುತ್ತಿಕೊಂಡು ಬಡಿಸಲು ನಿಂತಿತ್ತು. ಅಳಿಯನ ಕಡೆಯವರು ಉಂಡು ಏಳುವ ಮೊದಲು ಮನೆಯವರು ಉಣ್ಣುವುದುಂಟೆ?

“ನೀವೂ ಕುಂದರ್ರಿ,” ಎಂದು ಅಂಗಲಾಚಿದೆ.

“ಛೇ, ನೀವು ಬೀಗರು. ನಮ್ದು ಮ್ಯಾಚ್ ಆದಮ್ಯಾಲ ಆಕ್ಕೈತಿ ದಾಜೀ,” ಎಂದ ಸಂಜು. ಅಕ್ಕನ ಗಂಡನನ್ನು ಆ ಕಡೆ ಹಾಗೇ ಕರೆಯುತ್ತಾರೆ.

ಬಡಿಸುವುದರಲ್ಲೂ ಅವರದು ಅದೇ ಪಾಸ್ ಆಟ. ಈ ಕಡೆ ಒಬ್ಬನಿಗೆ ಬೇಡವೆಂದು ಕೈ ಅಡ್ಡ ಹಿಡಿದರೆ, ಆ ಕಡೆಯಿಂದ ಇನ್ನೊಬ್ಬ ಬಂದು ಹೋಳಿಗೆ ಹಾಕಿದ. ಮೇಲೆ ಅತ್ತೆಯ ತುಪ್ಪ. ನಮ್ಮ ಗೋಲ್‌ಕೀಪರ್ ಮಹಾಂತೇಶ ಸರ್ ಏಳನೆಯ ಹೋಳಿಗೆಗೆ ಲೆಕ್ಕ ಬಿಟ್ಟರು. ಸಂಜುವಿನ ಹುಡುಗರು ಬರೀ ಚಹಾ ಕುಡಿದು, ಹಗುರಾಗಿ ಜಿಗಿಯುತ್ತ ಮೈದಾನಕ್ಕೆ ಬಂದರು.

ಸೀಟಿ ಊದಿದರು. ನಮ್ಮವರು ಗೋಲಿನ ಮುಂದೆ ನಿಂತರು. ನಿಂತರು ಅಂದರೆ, ನಿಂತೇಬಿಟ್ಟರು. ಓಡುವ ಮಾತಿರಲಿ, ಬಗ್ಗಲೂ ಆಗುತ್ತಿರಲಿಲ್ಲ. ಖಾನಾಪುರದವರು ಎಡಕ್ಕೆ ಪಾಸ್ ಮಾಡಿದರು, ಬಲಕ್ಕೆ ಪಾಸ್ ಮಾಡಿದರು. ಎಲ್ಲಿಯೂ ನುಸುಳಲು ಸಂದಿಯಿಲ್ಲ. ಹೊಡೆದ ಚೆಂಡು ಯಾವುದೋ ಒಂದು ಹೊಟ್ಟೆಗೆ ಬಡಿದು ಮರಳಿ ಬರುತ್ತಿತ್ತು. ಟಿವಿಯವರು ಇದನ್ನೇ ರಕ್ಷಣಾ ವ್ಯೂಹ ಎನ್ನುತ್ತಾರೆ. ನಮ್ಮದು ಹೂರಣದ ವ್ಯೂಹ.

ಕೊನೆಯ ನಿಮಿಷ ಬಂದರೂ ಒಂದೂ ಗೋಲಿಲ್ಲ. ಸಂಜು ಬೆವರು ಒರೆಸಿಕೊಳ್ಳುತ್ತಿದ್ದ. ಆಗ ಚೆಂಡು ಉರುಳುತ್ತ ನನ್ನ ಕಾಲ ಬಳಿ ಬಂದು ನಿಂತಿತು. ಹೊರಗೆ ಒದ್ದಿದ್ದರೆ ಮಿರ್ಚಿಯಿಂದ ಪಾರಾಗುತ್ತಿದ್ದೆ. ಆದರೆ ಪಾಸ್ ಮಾಡಲು ನಮಗೂ ಬರುತ್ತದೆಂದು ಅವರಿಗೆ ತೋರಿಸಬೇಡವೆ? ಹಿಂದೆ ತಿರುಗಿ ಗೋಲ್‌ಕೀಪರ್‌ಗೆ ಪಾಸ್ ಕೊಟ್ಟೆ.

ಮಹಾಂತೇಶ ಸರ್ ಗೋಲಿನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಚೆಂಡು ಬಹಳ ನಿಧಾನವಾಗಿ ಹೊರಟಿತು. ಯಾರಾದರೂ ನಡೆದುಕೊಂಡು ಹೋಗಿ ತಡೆಯಬಹುದಿತ್ತು. ನಡೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಗೋಲ್!

ಸಂಜೆ ಅತ್ತೆಯ ಮನೆಯಲ್ಲಿ ನನ್ನ ಮುಂದೆ ತಟ್ಟೆ ಬಂತು. ಅದರಲ್ಲಿ ಒಂದೇ ಮಿರ್ಚಿ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೂ ಎಂಟು ಉಳಿದಿಲ್ಲವಲ್ಲ ಎಂದು ಮನಸ್ಸು ತಣ್ಣಗಿತ್ತು. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅತ್ತೆ ಅದೇ ತಟ್ಟೆಗೆ ಒಂದು ಹೋಳಿಗೆ ಇಟ್ಟರು.

“ಇದ್ಯಾಕ್ರಿ?” ಎಂದೆ.

“ಖಾನಾಪುರಕ್ಕ ಗೋಲ್ ತಂದಕೊಟ್ಟವರಿಗೆ ಅವ್ವ ದರ ವರ್ಷ ಹೋಳಿಗಿ ಕೊಡ್ತಾಳ್ರಿ ದಾಜೀ,” ಎಂದ ಸಂಜು. “ಈ ವರ್ಷ ಕೊಟ್ಟವ್ರು ನೀವೊಬ್ಬರ.”

ಮರ್ಯಾದೆಗಿಂತ ನಾಲಿಗೆಯ ಉರಿ ದೊಡ್ಡದಾಗಿತ್ತು. ಅದನ್ನೂ ತಿಂದೆ.

ಮರಳುವ ರೈಲಿನಲ್ಲಿ ಶೈಲಾಗೆ ವಿವರಿಸಿ ಹೇಳಿದೆ: ಅವರ ಹನ್ನೊಂದು ಮಂದಿ ಸೇರಿಯೂ ನಮ್ಮ ಮೇಲೆ ಒಂದು ಗೋಲು ಹೊಡೆಯಲಾಗಲಿಲ್ಲ, ಆದ್ದರಿಂದ ನನ್ನ ತಂತ್ರ ಪೂರ್ತಿ ಯಶಸ್ವಿಯಾಗಿದೆ.

“ಹೌದ್ರಿ,” ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ. “ಬರೂ ವರ್ಷ ಯಾರ ಕಡಿಂದ ಆಡವ್ರು, ಅದೊಂದು ಮೊದಲ ಹೇಳಿಬಿಡ್ರಿ. ಸಂಜು ಕೇಳಾಕತ್ತಿದ್ದ.”