ನಮ್ಮವರ ಫೋನು, ಶಾಲೆಯ ಕಂಪ್ಯೂಟರು

ಹೆದರಿಕೊಂಡು ಮಾಡುವ ಕೆಲಸದಲ್ಲಿ ನಗುವಂಥದ್ದೊಂದು ಆಗಿಯೇ ಆಗುತ್ತದೆ. ನನ್ನ ಮಟ್ಟಿಗೆ ಅದು ನಿಲ್ಲುವ ಲಕ್ಷಣವಿಲ್ಲ. ಸಿಂದಗಿ ತಾಲೂಕಿನಲ್ಲಿ ನಾನು ಟೀಚರಾಗಿರುವ ಶಾಲೆಗೆ ಕಂಪ್ಯೂಟರ್ ಬಂತು, ಇಂಟರ್‌ನೆಟ್ ಬರಲಿಲ್ಲ. ಹಾಜರಿ, ಅಂಕ ಎಲ್ಲವನ್ನೂ ನೆಟ್ಟಿನಲ್ಲೇ ಕಳಿಸಬೇಕು. ಆ ಊರಿನಲ್ಲಿ ಸಿಗ್ನಲ್ ಹಿಡಿಯುವುದು ನನ್ನ ಹತ್ತಿರವಿರುವ ಫೋನ್ ಒಂದೇ. ಅದು ನಮ್ಮ ಮನೆಯವರದು. ಅವರು ತೀರಿಕೊಂಡ ಮೇಲೆ ಅದನ್ನು ಅವರು ಬಿಟ್ಟುಹೋದ ಹಾಗೆಯೇ ಇಟ್ಟುಕೊಂಡಿದ್ದೇನೆ. ಹಾಟ್‌ಸ್ಪಾಟ್ ಹಚ್ಚಿದರೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುವುದು, ಅವರೇ ಒತ್ತಿ ಬರೆದ ಅವರ ಹೆಸರು. ಯಾರಾದರೂ ಕೈಹಾಕಿ ಅದರಲ್ಲಿ ಒಂದಕ್ಷರ ಅಳಿಸಿಬಿಟ್ಟಾರು ಎಂಬುದೇ ನನ್ನ ಭಯ.

೧. ಕೊಡಲೋ ಬೇಡವೋ

ಮೊದಲ ದಿನ ನಮ್ಮ ಹೆಡ್‌ಮಾಸ್ಟರು ಫೋನನ್ನು ವಯರಿನಿಂದ ಕಂಪ್ಯೂಟರಿಗೆ ಜೋಡಿಸಿದರು. ಕೂಡಲೇ ಫೋನಿನ ಮೇಲೆ ಒಂದು ಪ್ರಶ್ನೆ ಬಂತು: ಇದರೊಳಗಿನ ಮಾಹಿತಿಯನ್ನು ಕಂಪ್ಯೂಟರಿಗೆ ಕೊಡಬಹುದೇ?

"ಅಕ್ಕೋರ, ಏನಂತ ಒತ್ಲಿ?" ಎಂದರು.

"ಕೊಡು ಅಂದ್ರ ಬರೇ ನೋಡ್ತೈತೇನ್ರಿ, ಒಯ್ತೈತೇನ್ರಿ?"

"ಒಯ್ದರೂ ಒಯ್ದೀತು."

"ಒಯ್ದದ್ದನ್ನ ಹೊಳ್ಳಿ ಕೊಡ್ತೈತಿಲ್ರಿ?"

ಹೆಡ್‌ಮಾಸ್ಟರು ಬೆರಳನ್ನು ಹಿಂದಕ್ಕೆ ಎಳೆದುಕೊಂಡರು. "ಇದು ಸರ್ಕಾರಿ ಕಂಪ್ಯೂಟರ್ ಅಕ್ಕೋರ. ಒಳಗ ಹ್ವಾದದ್ದು ಹೊಳ್ಳಿ ಬಂದದ್ದನ್ನ ನಾ ನನ್ನ ಸರ್ವೀಸಿನ್ಯಾಗ ನೋಡಿಲ್ಲ."

ಇಬ್ಬರೂ ಆ ಪ್ರಶ್ನೆಯನ್ನೇ ನೋಡುತ್ತ ಕುಳಿತೆವು. ಆಗ ಕರೆಂಟು ಹೋಯಿತು. ಹೆಡ್‌ಮಾಸ್ಟರು ಪಟ್ಟನೆ ವಯರು ಕಿತ್ತು, ಹಣೆಯ ಬೆವರು ಒರೆಸಿಕೊಂಡರು.

"ಉಳದ್ವಿ ನೋಡ್ರಿ! ನಾಳಿಂದ ವಯರ್ ಬ್ಯಾಡ, ಗಾಳಿ ಮ್ಯಾಲೇ ಕಳಸೂಣು. ಮೈಗೆ ಮೈ ಹತ್ತಿದ್ರ ಇಂಥಾ ರಗಳಿ ಎಲ್ಲಾ."

೨. ಬೇವಿನ ಮರದ ಮೇಲಿನ ನೆಟ್

ಗಾಳಿಯ ಮೇಲೆ ಕಳಿಸಲೆಂದು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಗೆ ಮಕ್ಕಳ ಅಂಕ ತುಂಬುತ್ತಿದ್ದೆವು. ಮಂಗವೊಂದು ಬಂದು ಫೋನ್ ಎತ್ತಿಕೊಂಡು ಬೇವಿನ ಮರ ಹತ್ತಿತು.

ಕಲ್ಲು ಒಗೆದರೆ ಅದು ಫೋನ್ ಒಗೆದೀತೆಂದು ಯಾರಿಗೂ ಕಲ್ಲು ಮುಟ್ಟಗೊಡಲಿಲ್ಲ. ಮಂಗ ಎಲೆಗಳ ಮರೆಗೆ ಹೋಗಿ ಕಾಣದಾಯಿತು. ಅಷ್ಟರಲ್ಲಿ ಒಳಗಿನಿಂದ ಹೆಡ್‌ಮಾಸ್ಟರು ಕೂಗಿದರು:

"ಅಕ್ಕೋರ, ಇಲ್ಲಿ ಸಿಗ್ನಲ್ ಒಂದ ಗೆರಿ ತೋರಸಾಕತ್ತೈತಿ, ದೂರ ಹೊಂಟೈತಿ! ತಡೀರಿ, ಎರಡಾತು... ಮೂರಾತು! ಕಿಡಕಿ ಕಡೆ ಹೊಳ್ಳಿತು, ಓಡ್ರಿ!"

ಪರದೆಯ ಗೆರೆ ನೋಡಿ ಅವರು ಹೇಳಿದತ್ತ ನಾನು ಮರದ ಕೆಳಗೆ ಸೆರಗೊಡ್ಡಿ ಓಡಿದೆ. ಅಡುಗೆಯಾಕೆ ಬಿಸಿಯೂಟದ ಬಾಳೆಹಣ್ಣು ತಂದು ತೋರಿಸಿದಳು. ಮಂಗ ಕೆಳಗಿನ ಟೊಂಗೆಗೆ ಇಳಿದು, ಹಣ್ಣಿಗೆ ಕೈ ಚಾಚಿ, ಫೋನ್ ಬಿಟ್ಟಿತು. ಅದು ನನ್ನ ಸೆರಗಿನಲ್ಲಿ ಬಿತ್ತು. ಎದೆಗೆ ಅವುಚಿಕೊಂಡು ಅಲ್ಲೇ ಮಣ್ಣಿನಲ್ಲಿ ಕುಳಿತೆ.

ಹೆಡ್‌ಮಾಸ್ಟರು ಓಡಿ ಬಂದರು. "ಯಾಕ ಇಳಿಸಿದ್ರಿ? ಟೊಂಗಿ ಮ್ಯಾಲಿದ್ದಾಗ ಆರನೇತ್ತಿ ಮಕ್ಕಳ ಅಂಕ ನೆಟ್ಟಿನ್ಯಾಗ ಪೂರ್ತಿ ಹೋದ್ವು. ಏಳನೇತ್ತಿ ಉಳದೈತಿ. ಇನ್ನೊಂದ ಬಾಳಿಹಣ್ಣ ಐತೇನು?"

೩. ಕರೆಯದೆ ಬಂದವರು

ಮುದ್ದೇಬಿಹಾಳದಲ್ಲಿ ನಮ್ಮವರ ಅಕ್ಕನ ಮನೆ. ಹೋಗಿ ಕುಳಿತಿದ್ದೆ, ಶಾಲೆಯಲ್ಲಿ ಹಚ್ಚಿದ ಹಾಟ್‌ಸ್ಪಾಟ್ ಆರಿಸುವುದನ್ನು ಮರೆತಿದ್ದೆ. ಅಕ್ಕನ ಮಗಳು ಲ್ಯಾಪ್‌ಟಾಪ್ ತೆರೆದವಳು ಕಿಟಾರನೆ ಕಿರುಚಿದಳು. ಯಾರೂ ಮುಟ್ಟದೆ, ಏನೂ ಕೇಳದೆ, ಪರದೆಯ ಮೇಲೆ ಅವಳ ಮಾಮನ ಹೆಸರು ಬಂದು, ಅದರ ಕೆಳಗೆ 'ಕನೆಕ್ಟೆಡ್' ಎಂದು ಬಿದ್ದಿತ್ತು. ಹಿಂದೊಮ್ಮೆ ಅವರು ಬಂದಾಗ ಜೋಡಿಸಿದ್ದನ್ನು ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿತ್ತು.

ಅಕ್ಕ ಹತ್ತಿರ ಬಂದು, ಕಣ್ಣು ಒರೆಸಿಕೊಂಡು, ಪರದೆಯನ್ನು ಸಿಟ್ಟಿನಿಂದ ನೋಡಿದರು.

"ಇದ್ದಾಗ ಪ್ರತಿ ಪಂಚಮಿಗಿ ಕರದ್ರೂ ಬರ್ತಿದ್ದಿಲ್ಲ ಭಾಡ್ಯಾ. ಈಗ ನೋಡು, ಕರೀದನ ಬಂದು ಕುಂತಾನ!"

೪. ಹೆಸರು ಹೇಳ್ರಿ

ಬಸವನ ಬಾಗೇವಾಡಿಯಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ. ಅಲ್ಲಿಯ ನೆಟ್ಟೂ ಕೈಕೊಟ್ಟಿತು. ತರಬೇತಿ ಕೊಡುವವರು ಮೈಕಿನಲ್ಲಿ, "ಯಾರ ಫೋನಿನ್ಯಾಗ ನೆಟ್ ಐತಿ, ಹಾಟ್‌ಸ್ಪಾಟ್ ಹಚ್ಚರಿ" ಎಂದರು. ಹಲವರು ಹಚ್ಚಿದರು. ನಾನು ಕೊನೆಯ ಸಾಲಿನಲ್ಲಿ ಕುಳಿತು, ಅಳುಕುತ್ತಲೇ ಹಚ್ಚಿದೆ. ಅವರು ಒಬ್ಬೊಬ್ಬರದೇ ಹೆಸರು ಕೇಳಿ ನೋಡುತ್ತ ಬಂದರು, ನನ್ನ ಸರದಿ ಬಂತು.

"ಹಿಂದ ಕುಂತ ಅಕ್ಕೋರ, ನಿಮ್ಮದು ಯಾವ ಹೆಸರಿಲೆ ಐತಿ?"

ನಮ್ಮ ಮನೆತನದಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿದಾಗಲೂ ನಾನು ತುಟಿ ಅಲ್ಲಾಡಿಸಿದ್ದೆ, ಅಷ್ಟೆ.

"ನಮ್ಮನಿಯವ್ರ ಹೆಸರಿಲೆರಿ" ಎಂದೆ.

"ಅಕ್ಕೋರ, 'ನಮ್ಮನಿಯವ್ರು' ಅನ್ನೂದು ಇದರಾಗ ಇಲ್ರಿ!"

ಎಲ್ಲರೂ ನಕ್ಕರು. ಅವರು ಮೈಕು ಹಿಡಿದುಕೊಂಡೇ ನನ್ನ ಕಡೆ ನಡೆದು ಬಂದರು. "ಇರ್ಲಿ ಬಿಡ್ರಿ. ಫೋನ್ ಕೊಡ್ರಿ ಇಲ್ಲಿ, ಆ ಹೆಸರ ಅಳಿಸಿ ಒಂದು ನಂಬರ್ ಹಾಕಿ ಬಿಡ್ತೇನಿ."

ಕೈ ಚಾಚಿಯೇಬಿಟ್ಟರು. ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಕಣ್ಣು ಮುಚ್ಚಿದೆ. ಇಡೀ ಹಾಲಿಗೆ ಕೇಳುವಂತೆ ಕೂಗಿದೆ:

"ಬಸವರಾಜ!"

"ಏನ್ರಿ?" ಎಂದಿತು ಒಂದು ಗಂಡುದನಿ.

ಕಣ್ಣು ತೆರೆಯಲು ಧೈರ್ಯವಾಗಲಿಲ್ಲ. ತೆರೆಯಲು ಮನಸ್ಸೂ ಆಗಲಿಲ್ಲ. ಬಾಗೇವಾಡಿಯಲ್ಲಿ ನಿಂತು ಆ ಹೆಸರು ಕೂಗಿದರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಮೆಲ್ಲಗೆ ತೆರೆದು ನೋಡಿದರೆ, ಇಂಗಳೇಶ್ವರದ ಮಾಸ್ತರೊಬ್ಬರು ಎದ್ದು ನಿಂತಿದ್ದರು. ಮುಂದಿನ ಸಾಲಿನಿಂದ ಇಂಡಿ ತಾಲೂಕಿನ ಮಾಸ್ತರೊಬ್ಬರೂ ಎದ್ದು, "ಕರದದ್ದು ನನಗಲ್ಲೇನ್ರಿ?" ಎಂದರು.

ತರಬೇತಿಯವರು ಕಂಪ್ಯೂಟರಿನ ಹತ್ತಿರ ಹೋಗಿ ಪರದೆ ನೋಡಿದರು. ಮೈಕು ಬಾಯಿಗೆ ತಂದರು.

"ಅಕ್ಕೋರ, ಇಲ್ಲಿ ಮೂರು ಮಂದಿ ಬಸವರಾಜ ಅದಾರ. ಇವರಾಗ ನಿಮ್ಮವರು ಯಾರ್ರಿ?"

ಹೇಳಬಾರದ್ದನ್ನು ಹೇಳಿಯಾಗಿತ್ತು. ಇನ್ನು ಅಂಜಿ ಏನು ಮಾಡುವುದು?

"ಈ ಇಬ್ಬರಿಗೂ ಹಾಟ್‌ಸ್ಪಾಟ್ ಬಂದ್ ಮಾಡಾಕ ಹೇಳ್ರಿ" ಎಂದೆ. "ಉಳದಾವ್ರು ನಮ್ಮವ್ರು."