ಸತ್ತವನ ಫೋನಿಗೆ ಬಂದ ನೀರಿನ ಪಾಳಿ

ಇಂದ:
ಕೆಂಪಸಿದ್ದಯ್ಯ, ಇಪ್ಪತ್ತಾರು ವರ್ಷದಿಂದ ಕಾಲುವೆ ನೀರು ಹಂಚುವ ನೀರುಗಂಟಿ, ಕೊತ್ತತ್ತಿ.

ಗೆ:
ಶ್ರೀ ಪ್ರೀತಂ, ಎಂಜಿನಿಯರ್ ಸಾಹೇಬರು, ತೂಬುಯಂತ್ರದ ಕಚೇರಿ, ಮಂಡ್ಯ.

ವಿಷಯ: "ಮಿಷನ್ ಮುಟ್ಟಿದ್ರೆ ಪೊಲೀಸ್ರಿಗೆ ಹಿಡ್ಕೊಡ್ತೀನಿ ಕಣಯ್ಯ!" ಎಂದು ತಾವು ಕೂಗಿದ್ದು.

ಉಲ್ಲೇಖ: "ಇಡ್ಕೊಡಿ, ಅದುಕ್ಕೂ ಒಂದು ಬಟನ್ ಮಡಗಿರ್ತೀರಲ್ಲ!" ಎಂದು ನಾನು ಕೂಗಿದ್ದು. ನಿನ್ನೆ, ತಮ್ಮ ಮೇಜಿನ ಮುಂದೆ.

ಮಾನ್ಯರೇ,

ಊಟದ ಹೊತ್ತಾಯಿತೆಂದು ತಾವು ಎದ್ದು ಹೋದ ಕಾರಣ, ಜಗಳದ ಉಳಿದ ಭಾಗವನ್ನು ಬರವಣಿಗೆಯಲ್ಲಿ ಸಲ್ಲಿಸುತ್ತಿದ್ದೇನೆ.

1. ನಮ್ಮ ಒಂಬತ್ತನೇ ತೂಬಿಗೆ ತಾವು ಯಂತ್ರ ಕೂರಿಸಿದಿರಿ. ಪಾಳಿ ಬಂದವರ ಫೋನಿಗೆ ಅದು "ನೀರು ಬೇಕಾದರೆ ಒಂದು ಒತ್ತಿ" ಎಂದು ಕಳಿಸುತ್ತದೆ. ಒತ್ತದಿದ್ದರೆ ತೂಬು ತೆರೆಯುವುದಿಲ್ಲ. ಆ ನೀರನ್ನು 'ಉಳಿತಾಯ' ಎಂದು ಬರೆದುಕೊಳ್ಳುತ್ತದೆ.

2. ಕಳೆದ ಸೋಮವಾರ ಶಿವರಾಮುವಿನ ಪಾಳಿ. ಆತ ಅಂದು ಬೆಳಿಗ್ಗೆಯೇ ತೀರಿಕೊಂಡು ಜಗಲಿಯ ಮೇಲೆ ಮಲಗಿದ್ದ ಕಾರಣ ಒಂದು ಒತ್ತಲಾಗಲಿಲ್ಲ. ಫೋನು ಜೇಬಿನಲ್ಲೇ ಮೂರು ಸಲ ಕೂಗಿ ಸುಮ್ಮನಾಯಿತು.

3. ಸಾವಾದ ಮನೆಯ ಪಾಳಿಯ ನೀರನ್ನು ನೀರುಗಂಟಿ ಯಾರಿಂದಲೂ ಹೇಳಿಸಿಕೊಳ್ಳದೆ ಕಟ್ಟಬೇಕು. ಹೆಣ ಎತ್ತುವ ಮೊದಲೇ ಅವರ ಗದ್ದೆಗೆ ನೀರು ಬಿದ್ದಿರಬೇಕು. ಇದಕ್ಕೆ ಆದೇಶ ಸಂಖ್ಯೆ ಇಲ್ಲ. ಗುದ್ದಲಿ ಹಿಡಿದು ಹೋದೆ. ತೂಬಿಗೆ ತಮ್ಮ ಬೀಗ ಇತ್ತು.

4. ಶಿವರಾಮುವಿನ ಹೆಂಡತಿ ಯಶೋದಮ್ಮ ಸೂತಕದಲ್ಲೇ ಬದುವಿಗೆ ಬಂದಳು. "ಯಾಕಣ್ಣ, ನಮ್ಮನೆಯವ್ರು ನಿಂಗೇನು ಅನ್ನೇಯ ಮಾಡಿದ್ರು? ಒಟ್ಲು ಪೈರೆಲ್ಲ ಒಣಗಾಕೆ ಬುಟ್ಬುಟ್ಟಲ್ಲ" ಎಂದಳು. ಯಂತ್ರಕ್ಕೆ ಮುಖವಿಲ್ಲದ ಕಾರಣ ನನ್ನ ಮುಖವನ್ನೇ ಕೇಳಿದಳು.

5. ಇದನ್ನು ತಿಳಿಸಿದರೆ ತಾವು, "ಶೇಕಡಾ ಹನ್ನೆರಡು ನೀರು ಉಳಿದಿದೆ, ಎಕನಾಮಿಕ್ಸ್ ಅಂದ್ರೆ ಇದು" ಎಂದಿರಿ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು. ಬಾಯಾರಿದವನ ಕೈಯಿಂದ ತಂಬಿಗೆ ಕಿತ್ತಿಟ್ಟರೆ ಅಲ್ಲಿ ಅದನ್ನು ಉಳಿತಾಯ ಎನ್ನುತ್ತಿರಲಿಲ್ಲ.

6. ರೈತರು ಕಲ್ಲು ಹೊಡೆಯದಂತೆ ಯಂತ್ರ ಕಾಯುವ ಕೆಲಸವನ್ನು ನನಗೇ ಕೊಟ್ಟು, ಟೋಪಿ, ಸೀಟಿ ದಯಪಾಲಿಸಿದಿರಿ. ನನ್ನ ಕೆಲಸ ಕಿತ್ತುಕೊಂಡದ್ದನ್ನು ನಾನೇ ಕಾಯಬೇಕಂತೆ.

ಆದ್ದರಿಂದ, ಯಶೋದಮ್ಮನ ಒಟ್ಲು ಅರ್ಧ ಇನ್ನೂ ಹಸಿರಾಗಿರುವ ಕಾರಣ, ಇಂದು ಬೆಳಿಗ್ಗೆ ಬೀಗ ಒಡೆದು, ಕೈಯಿಂದಲೇ ತೂಬು ತಿರುಗಿಸಿ ಅವಳ ಗದ್ದೆಗೆ ನೀರು ಕಟ್ಟಿದ್ದೇನೆ. ಇದು ಅನುಮತಿ ಕೋರಿಕೆಯಲ್ಲ, ಮಾಹಿತಿ. ಪೊಲೀಸರಿಗೆ ಹೇಳುವಾಗ ನನ್ನ ಹೆಸರನ್ನು ಸರಿಯಾಗಿ ಬರೆಸತಕ್ಕದ್ದು. ಅರ್ಜಿಯನ್ನು ತಮ್ಮ ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಹೊರಟಿದ್ದೇನೆ.

ಇವತ್ತಿನವರೆಗೆ ತಮ್ಮ ವಿಶ್ವಾಸಿ,
ಕೆಂಪಸಿದ್ದಯ್ಯ

ಲಗತ್ತು:
ಬೀಗ, ಒಡೆದದ್ದು.
ಒಣಗಿದ ಪೈರು, ಒಂದು ಹಿಡಿ.
ಟೋಪಿ, ಸೀಟಿ. ಹಾಕಿಲ್ಲ, ಊದಿಲ್ಲ.

ಕೊನೆಯ ಕೋರಿಕೆ: ನನ್ನ ನಂಬರನ್ನೂ ಯಂತ್ರಕ್ಕೆ ಸೇರಿಸಿ, "ಕೆಲಸಕ್ಕೆ ವಾಪಸ್ ಬರುವುದಾದರೆ ಒಂದು ಒತ್ತಿ" ಎಂದು ಕಳಿಸುವುದು. ಒತ್ತದಿದ್ದರೆ ನನ್ನನ್ನೂ ಉಳಿತಾಯಕ್ಕೆ ಬರೆದುಕೊಳ್ಳುವುದು.